ಕಲ್ಪಿತ ಕುರಾಜ್ಯಗಳೂ ನಿಜವಾದ ದಬ್ಬಾಳಿಕೆಯೂ

ದಬ್ಬಾಳಿಕೆಯನ್ನು ವಸ್ತುವನ್ನಾಗಿ ಮಾಡಿಕೊಂಡ ಯಾವ ಗ್ರಂಥವನ್ನೇ ಆಗಲಿ ವಾಚಕನು ಕೇಳಬೇಕಾದ ಪ್ರಶ್ನೆಗಳು ಮೂರು. ತುಳಿಯಲ್ಪಟ್ಟವನು ಯಾರು? ತುಳಿದವನು ಯಾರು? ತುಳಿದುದರಿಂದ ಯಾರಿಗೆ ಏನು ಲಾಭವಾಯಿತು? ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರವನ್ನು ಕೊಟ್ಟು ಉಳಿದೆರಡನ್ನು ಮರೆಯಿಸುವ ಗ್ರಂಥವು ಕರುಣರಸವನ್ನು ಹುಟ್ಟಿಸಬಹುದು, ಕಣ್ಣೀರನ್ನೂ ತರಿಸಬಹುದು, ಆದರೆ ದಬ್ಬಾಳಿಕೆಯ ಸ್ವರೂಪವನ್ನು ತಿಳಿಸಿತೆಂದು ಹೇಳುವಂತಿಲ್ಲ. ಕಳೆದ ಮೂರು ದಶಕಗಳಲ್ಲಿ, ಅದರಲ್ಲಿಯೂ 2008ರಿಂದ ಈಚೆಗೆ, ಅಮೆರಿಕದಲ್ಲಿ ತರುಣರಿಗಾಗಿ ಹೇರಳವಾಗಿ ರಚಿತವಾಗಿ ಇಂಗ್ಲಿಷ್ ಬಲ್ಲ ದೇಶಗಳಲ್ಲೆಲ್ಲ ಹರಡಿರುವ ‘ಡಿಸ್ಟೋಪಿಯ’ ಎಂಬ ಜಾತಿಯ ಕಾದಂಬರಿಗಳಲ್ಲಿ ಬಹುಪಾಲು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಅವುಗಳ ಕೀರ್ತಿಯು ಎಷ್ಟೇ ದೊಡ್ಡದಾಗಿರಲಿ, ಈ ಮಾತನ್ನು ಮುಚ್ಚುಮರೆಯಿಲ್ಲದೆ ಆಡಬೇಕಾಗಿದೆ.

ಈ ಕಾದಂಬರಿಗಳ ಕಟ್ಟಡವು ಸ್ಥೂಲವಾಗಿ ಒಂದೇ. ಮುಂದೆ ಎಂದೋ ಬರಲಿರುವ ಒಂದು ಕುರಾಜ್ಯ, ಅಲ್ಲಿ ಪ್ರಜೆಗಳ ಬಾಳನ್ನೆಲ್ಲ ಕಟ್ಟಿಹಾಕುವ ಒಂದು ವಿಚಿತ್ರ ಶಾಸನ, ಆ ಶಾಸನದ ಬಲೆಗೆ ಸಿಕ್ಕಿಯೂ ಸಿಕ್ಕದ, ಹದಿನಾರರ ಆಸುಪಾಸಿನ ನಾಯಕ ಅಥವಾ ನಾಯಕಿ, ಕೊನೆಗೆ ದಂಗೆ. 1993ರಲ್ಲಿ ಹೊರಬಂದ ಲೋಯಿಸ್ ಲೌರಿಯ ‘ದಿ ಗಿವರ್’ನಲ್ಲಿ ಹನ್ನೆರಡು ವರ್ಷದ ಬಾಲಕನೊಬ್ಬನು ಸಮಾಜದ ನೆನಪುಗಳನ್ನೆಲ್ಲ ಹೊರುವುದಕ್ಕೆ ಆರಿಸಲ್ಪಡುತ್ತಾನೆ. ಸ್ಕಾಟ್ ವೆಸ್ಟರ್‌ಫೆಲ್ಡನ ‘ಅಗ್ಲೀಸ್’ನಲ್ಲಿ (2005) ಹದಿನಾರು ತುಂಬಿದವರೆಲ್ಲರೂ ಶಸ್ತ್ರಚಿಕಿತ್ಸೆಯಿಂದ ಸುಂದರರಾಗಲೇಬೇಕು. ಲಾರೆನ್ ಆಲಿವರಳ ‘ಡೆಲಿರಿಯಂ’ನಲ್ಲಿ (2011) ಪ್ರೇಮವೇ ಒಂದು ರೋಗ, ಹದಿನೆಂಟನೆಯ ವಯಸ್ಸಿಗೆ ಅದಕ್ಕೆ ಕಡ್ಡಾಯದ ಚಿಕಿತ್ಸೆ. ವೆರೋನಿಕಾ ರಾಥಳ ‘ಡೈವರ್ಜೆಂಟ್’ನಲ್ಲಿ (2011) ಶಿಕಾಗೋ ನಗರದ ಜನರು ಸ್ವಭಾವಾನುಸಾರವಾಗಿ ಐದು ಪಂಗಡಗಳಾಗಿ ಒಡೆದಿದ್ದಾರೆ. ಇವೆಲ್ಲಕ್ಕೂ ಮುಕುಟಪ್ರಾಯವಾದುದು ಸುಝಾನ್ ಕಾಲಿನ್ಸಳ ‘ದಿ ಹಂಗರ್ ಗೇಮ್ಸ್’ (2008).

ಇವುಗಳ ಮೇಲೆ ಹಿರಿಯರು ಹೊರಿಸುತ್ತ ಬಂದಿರುವ ದೋಷವೊಂದುಂಟು: ಕಥೆಗಳು ಬಹಳ ಘೋರವಾಗಿವೆ, ಎಳೆಯ ಮನಸ್ಸಿಗೆ ಹಿಂಸೆಯನ್ನು ಉಣಿಸುತ್ತವೆ, ಎಂದು. ಅಮೆರಿಕದ ಗ್ರಂಥಾಲಯ ಸಂಘವು ಪ್ರಕಟಿಸುವ, ಅತಿ ಹೆಚ್ಚು ಆಕ್ಷೇಪಣೆಗೆ ಗುರಿಯಾದ ಪುಸ್ತಕಗಳ ಪಟ್ಟಿಯಲ್ಲಿ ‘ಹಂಗರ್ ಗೇಮ್ಸ್’ 2010, 2011 ಮತ್ತು 2013ರಲ್ಲಿ ಕಾಣಿಸಿಕೊಂಡಿತು. ಈ ಆಕ್ಷೇಪಣೆ ನಿಸ್ಸಾರವಾದುದು. ಹದಿನಾರು ವರ್ಷದ ವಾಚಕನಿಗೆ ಲೋಕದ ಕತ್ತಲೆಯನ್ನು ತೋರಿಸಕೂಡದೆಂಬುವವರು ಅವನನ್ನು ತೊಟ್ಟಿಲಲ್ಲಿಯೇ ಇಡಬಯಸುವವರು. ಈ ಗ್ರಂಥಗಳ ದೋಷವು ಕಹಿಯ ಅತಿರೇಕವಲ್ಲ. ಕಹಿಯಂತೆ ತೋರುವ ಸಿಹಿ.

ಆ ಸಿಹಿ ಯಾವುದು? ನಾಯಕಿಯು ತುಳಿಯಲ್ಪಡುವ ಕಾರಣವನ್ನು ಪರೀಕ್ಷಿಸಿದರೆ ಅದು ಬಯಲಾಗುತ್ತದೆ. ‘ಡೈವರ್ಜೆಂಟ್’ನ ನಾಯಕಿಯನ್ನು ಅಧಿಕಾರಿಗಳು ಬೇಟೆಯಾಡುವುದೇಕೆ? ಉಳಿದವರಲ್ಲಿ ಬಹುಮಂದಿ ಒಂದೊಂದು ಪಂಗಡಕ್ಕೆ ಮಾತ್ರ ಯೋಗ್ಯರು. ಅವಳು ಹಲವಕ್ಕೆ ಯೋಗ್ಯಳು. 2013ರಲ್ಲಿ ಬಂದ ಮೂರನೆಯ ಸಂಪುಟದಲ್ಲಿ ಅವಳ ವಂಶಧಾತುವೇ ನಿರ್ದುಷ್ಟವಾದುದೆಂದೂ ನಗರದ ಮಿಕ್ಕ ಅನೇಕರದು ಕೆಟ್ಟದ್ದೆಂದೂ ಪ್ರಯೋಗಶಾಲೆಯವರು ಸಾರುತ್ತಾರೆ. ಗ್ರಂಥಕರ್ತ್ರಿಯು ಆ ಭೇದವನ್ನು ಖಂಡಿಸುತ್ತಾಳಾದರೂ, ತನ್ನ ನಾಯಕಿಯನ್ನು ಭೇದದ ಮೇಲುಮಗ್ಗುಲಲ್ಲಿಯೇ ನಿಲ್ಲಿಸಿಕೊಂಡು ಖಂಡಿಸುತ್ತಾಳೆ. ‘ಡೆಲಿರಿಯಂ’ನಲ್ಲಿ ಅಪರಾಧವು ಪ್ರೇಮಿಸಿದುದು. ‘ದಿ ಗಿವರ್’ನಲ್ಲಿ ನೋವಿಗೆ ಮೂಲವು ಇತರರಿಗೆ ಕಾಣದುದನ್ನು ಕಂಡುದು. ಅಂದರೆ ಶ್ರೇಷ್ಠತೆಯೇ ಅಪರಾಧ, ಶಿಕ್ಷೆಯೇ ಶ್ರೇಷ್ಠತೆಗೆ ಪ್ರಮಾಣಪತ್ರ. ಹೆತ್ತವರೂ ಉಪಾಧ್ಯಾಯರೂ ತನ್ನನ್ನು ಅರಿಯಲಿಲ್ಲವೆಂದು ಕೊರಗುವ ಯಾವ ತರುಣನಿಗೆ ಈ ಕನ್ನಡಿ ಹಿಡಿಸದು?

ಇತಿಹಾಸವು ಹೇಳುವುದು ಬೇರೆಯೇ ಮಾತನ್ನು. ಅಮೆರಿಕದ ಗುಲಾಮರು ತಮ್ಮ ಅಸಾಧಾರಣತೆಗಾಗಿ ಸಂಕಲೆಗೆ ಬಿದ್ದವರಲ್ಲ. ಹತ್ತಿಯ ಬೀಜ ಬಿಡಿಸುವ ಯಂತ್ರವನ್ನು ಇಲೈ ವಿಟ್ನಿಯು 1793ರಲ್ಲಿ ಕಂಡುಹಿಡಿದನು. ಹತ್ತಿಯ ಬೆಳೆ ದಕ್ಷಿಣದ ಸಂಸ್ಥಾನಗಳಲ್ಲೆಲ್ಲ ಹಬ್ಬಿತು. 1790ರ ಜನಗಣತಿಯಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರಲ್ಲಿ 40 ಲಕ್ಷದ ಹತ್ತಿರಕ್ಕೆ ಬಂದಿತು. ಜಾಣರೂ ದಡ್ಡರೂ, ಧೀರರೂ ಹೇಡಿಗಳೂ, ಹೊಲಕ್ಕೆ ಕೈಗಳು ಬೇಕಾದುದರಿಂದ ಒಟ್ಟಿಗೆ ಮಾರಲ್ಪಟ್ಟರು. ದಬ್ಬಾಳಿಕೆಯು ಗುಣವನ್ನು ಹುಡುಕಿಕೊಂಡು ಹೋಗುವುದಿಲ್ಲ. ಲಾಭವನ್ನು ಹುಡುಕಿಕೊಂಡು ಹೋಗುತ್ತದೆ. ತುಳಿತವನ್ನು ಪ್ರತಿಭೆಯ ಸುಂಕವೆಂಬಂತೆ ಚಿತ್ರಿಸುವ ಕಥೆಯು, ವಿಶೇಷ ಪ್ರತಿಭೆಯಿಲ್ಲದೆ ತುಳಿಯಲ್ಪಟ್ಟ ಕೋಟ್ಯಂತರ ಸಾಮಾನ್ಯ ಜನರಿಗೆ ಅಪಚಾರ ಮಾಡುತ್ತದೆ.

ನಿಜವಾದ ಕುರಾಜ್ಯದಿಂದ ನಿಜವಾಗಿ ತಪ್ಪಿಸಿಕೊಂಡ ಒಬ್ಬ ಸ್ತ್ರೀಯ ಗ್ರಂಥವು ಪಕ್ಕದಲ್ಲಿಯೇ ಇದೆ. ಉತ್ತರ ಕ್ಯಾರೊಲಿನದಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಜೇಕಬ್ಸಳು ಯಜಮಾನನ ಕಾಮುಕತೆಯನ್ನು ತಾಳಲಾರದೆ 1835ರಲ್ಲಿ ಓಡಿ, ತನ್ನ ಅಜ್ಜಿಯ ಮನೆಯ ಮಾಡಿನ ಕೆಳಗೆ ಅವಿತುಕೊಂಡಳು. ಆ ಸಂದು ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಅತಿ ಎತ್ತರವಾದಲ್ಲಿ ಮೂರು ಅಡಿ. ಅದರೊಳಗೆ ಅವಳು ಹತ್ತಿರ ಹತ್ತಿರ ಏಳು ವರ್ಷ ಕಳೆದಳು, ಹಲಗೆಯಲ್ಲಿ ಕೊರೆದ ಕಿಂಡಿಯಿಂದ, ಬೀದಿಯಲ್ಲಿ ಆಡುತ್ತಿದ್ದ ತನ್ನ ಮಕ್ಕಳನ್ನು ನೋಡಿದಳು, ಕೂಗಿ ಕರೆಯಲಿಲ್ಲ. 1861ರಲ್ಲಿ ಅಚ್ಚಾದ ಆ ಗ್ರಂಥದಲ್ಲಿ ಅವಳು ತನ್ನ ಹೆಸರನ್ನೂ ಯಜಮಾನನ ಹೆಸರನ್ನೂ ಬದಲಾಯಿಸಿದಳು. ಆದರೆ ಗುಲಾಮಗಿರಿಯೆಂಬ ಹೆಸರನ್ನು ಬದಲಾಯಿಸಲಿಲ್ಲ. ಅಲ್ಲಿ ದಂಗೆಯಿಲ್ಲ, ಬಾಣಪ್ರಯೋಗವಿಲ್ಲ, ರಾಜಧಾನಿಯ ಪತನವಿಲ್ಲ. ಆದರೂ ಅದನ್ನು ಓದಿದ ಉತ್ತರ ಸಂಸ್ಥಾನಗಳ ಗೃಹಸ್ಥರು ತಮ್ಮ ಮೈಮೇಲಿನ ಹತ್ತಿಯ ಬಟ್ಟೆಯನ್ನು ಒಮ್ಮೆ ನೋಡಿಕೊಳ್ಳಬೇಕಾಗಿತ್ತು.

ಎರಡನೆಯ ದೋಷವು ಇದಕ್ಕಿಂತ ಗುರುತರವಾದುದು. ಈ ಕಾದಂಬರಿಗಳು ನಡೆದುಹೋದ ಅನ್ಯಾಯಗಳ ಆಕಾರವನ್ನು ಎತ್ತಿಕೊಂಡು ಅವುಗಳ ಹೆಸರನ್ನು ಕಳಚಿಹಾಕುತ್ತವೆ. ಶಿಕಾಗೋ ನಗರವನ್ನೇ ನೋಡಬಹುದು. ಕಾದಂಬರಿಯ ಶಿಕಾಗೋ ಸ್ವಭಾವಭೇದದಿಂದ ಒಡೆದುದು. ನಿಜವಾದ ಶಿಕಾಗೋ ಚರ್ಮದ ಬಣ್ಣದಿಂದ ಒಡೆದುದು. ಕರಿಯರಿಗೆ ಮನೆಯನ್ನು ಮಾರತಕ್ಕದ್ದಲ್ಲವೆಂಬ ಕರಾರುಪತ್ರಗಳಿಗೆ ಬಿಳಿಯ ಒಡೆಯರು ಕೇರಿಕೇರಿಗಳಲ್ಲಿ ರುಜು ಹಾಕಿದ್ದರು. 1937ರಲ್ಲಿ ಕಾರ್ಲ್ ಹ್ಯಾನ್ಸ್‌ಬೆರಿ ಎಂಬ ಕರಿಯ ಗೃಹಸ್ಥನು ಅಂಥದೊಂದು ಕೇರಿಯಲ್ಲಿ ಮನೆ ಕೊಂಡಾಗ ಗುಂಪು ಮುತ್ತಿತು. ಕಿಟಕಿಯೊಳಗಿಂದ ತೂರಿಬಂದ ಕಲ್ಲು ಅವನ ಚಿಕ್ಕ ಮಗಳಿಗೆ ಸ್ವಲ್ಪದರಲ್ಲಿ ತಪ್ಪಿತು. ಮುಂದೆ ಪ್ರಸಿದ್ಧ ನಾಟಕಕರ್ತ್ರಿಯಾದ ಲಾರೇನ್ ಹ್ಯಾನ್ಸ್‌ಬೆರಿಯೇ ಆ ಹುಡುಗಿ. ಅಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೆ ತರಕೂಡದೆಂದು ಅಮೆರಿಕದ ಶ್ರೇಷ್ಠ ನ್ಯಾಯಾಲಯವು ತೀರ್ಪಿತ್ತುದು 1948ರಲ್ಲಿ. ಇಂಥ ನಗರವನ್ನು ರಂಗಭೂಮಿಯನ್ನಾಗಿ ಆರಿಸಿಕೊಂಡು, ಪಂಗಡಗಳ ಗೋಡೆಯೆಬ್ಬಿಸಿ, ಗೋಡೆಗೆ ಕಾರಣವು ಮನುಷ್ಯರ ಮನೋಧರ್ಮವೆಂದು ಹೇಳುವುದು ಕಲ್ಪನೆಯೋ, ಮರೆವೋ? ಗೋಡೆಯನ್ನು ಉಳಿಸಿಕೊಂಡು ಅದನ್ನು ಕಟ್ಟಿದವನ ಹೆಸರನ್ನು ಅಳಿಸಿದರೆ ಕಟ್ಟಿದವನ ಮೊಮ್ಮಕ್ಕಳಿಗೆ ಬಹಳ ನೆಮ್ಮದಿ.

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದಬ್ಬಾಳಿಕೆಯನ್ನು ಕುರಿತ ಗ್ರಂಥದ ಪುರುಷಾರ್ಥವೇ ಇದು: ಓದುವವರಲ್ಲಿ ಯಾರಾದರೊಬ್ಬನು ಹೆಗಲು ಮುಟ್ಟಿಕೊಳ್ಳಬೇಕು. ಹೆಸರಿಲ್ಲದ ಕಳ್ಳನನ್ನು ಕುರಿತು ಕೂಗಿದರೆ ಎಲ್ಲರೂ ಕುಂಬಳಕಾಯಿ ಕಳೆದುಕೊಂಡವರಾಗಿಬಿಡುತ್ತಾರೆ. ಕದ್ದವನೂ ಅವರ ಜತೆಗೆ ನಿಂತು ಎದೆ ಬಡಿದುಕೊಳ್ಳುತ್ತಾನೆ.

‘ಹಂಗರ್ ಗೇಮ್ಸ್’ ಈ ಗುಂಪಿನಲ್ಲಿ ಶ್ರೇಷ್ಠವಾದುದೆಂಬುದನ್ನು ಒಪ್ಪಲೇಬೇಕು. ಅದರಲ್ಲಿ ಲಾಭದ ಲೆಕ್ಕವಿದೆ. ಹನ್ನೆರಡನೆಯ ಪ್ರಾಂತವು ಕಲ್ಲಿದ್ದಲನ್ನು ಅಗೆದು ಕ್ಯಾಪಿಟಲ್ ಎಂಬ ರಾಜಧಾನಿಗೆ ಒಪ್ಪಿಸುತ್ತದೆ. ಮನೆಯವರ ಹೊಟ್ಟೆಗೆ ಒಂದಿಷ್ಟು ಧಾನ್ಯವೂ ಎಣ್ಣೆಯೂ ಬೇಕಾದರೆ ಬಡವರ ಮಕ್ಕಳು ತಮ್ಮ ಹೆಸರಿನ ಚೀಟಿಯನ್ನು ಮೃತ್ಯುವಿನ ಲಾಟರಿಗೆ ಇನ್ನೊಂದಾವರ್ತಿ ಹಾಕಿಸಬೇಕು. ಬಡತನವೇ ಬಲಿಯನ್ನು ಆರಿಸುವ ಈ ಏರ್ಪಾಡು ಸತ್ಯಕ್ಕೆ ಸಮೀಪವಾದುದು. ದೂರದರ್ಶನದಲ್ಲಿ ಸ್ಪರ್ಧೆಯ ವಿನೋದವನ್ನೂ ಇರಾಕ್ ಯುದ್ಧದ ದೃಶ್ಯಗಳನ್ನೂ ಒಂದರ ಬೆನ್ನಿಗೆ ಒಂದಾಗಿ ನೋಡುತ್ತಿದ್ದಾಗ ಈ ಕಥೆ ಹೊಳೆಯಿತೆಂದು ಕಾಲಿನ್ಸಳು ಹೇಳಿದ್ದಾಳೆ. ಎಂದ ಮೇಲೆ ಮಕ್ಕಳ ಸಾವನ್ನು ಪೀಠದಲ್ಲಿ ಕುಳಿತು ನೋಡುವ ರಾಜಧಾನಿಯ ಪ್ರಜೆಗಳು ಯಾರ ಪ್ರತಿಬಿಂಬವೆಂಬುದು ಸ್ಪಷ್ಟವೇ. ಆದರೆ ವಾಚಕರಲ್ಲಿ ಎಷ್ಟು ಮಂದಿ ಹೆಗಲು ಮುಟ್ಟಿಕೊಂಡರು? ಹನ್ನೊಂದನೆಯ ಪ್ರಾಂತದ ರೂ ಎಂಬ ಪುಟ್ಟ ಹುಡುಗಿಯ ಮೈಬಣ್ಣವು ಗಾಢ ಕಂದೆಂದು ಪುಸ್ತಕದಲ್ಲಿ ಸ್ಪಷ್ಟವಾಗಿ ಹೇಳಿದೆ. 2012ರ ಚಲಚ್ಚಿತ್ರದಲ್ಲಿ ಕಪ್ಪುವರ್ಣದ ಬಾಲನಟಿಯು ಆ ಪಾತ್ರವನ್ನು ವಹಿಸಿದಾಗ, ಆ ಪುಸ್ತಕವನ್ನು ಮೆಚ್ಚಿದವರಲ್ಲಿಯೇ ಕೆಲವರು ಅಂತರ್ಜಾಲದಲ್ಲಿ ರೋಷವನ್ನು ಕಾರಿದರು. ರೂಳ ಸಾವಿಗೆ ಅತ್ತಿದ್ದ ಕಣ್ಣುಗಳಿಗೆ ಅವಳು ಬಿಳಿಯಳಾಗಿಯೇ ತೋರಿದ್ದಳು! ಮರುವರ್ಷ, ಎರಡನೆಯ ಚಿತ್ರವು ಬಂದಾಗ, ಕವರ್‌ಗರ್ಲ್ ಎಂಬ ಪ್ರಸಾಧನ ಸಂಸ್ಥೆಯು ಕ್ಯಾಪಿಟಲಿನ ಹೆಸರಿನಲ್ಲಿಯೇ ತುಟಿಯ ಬಣ್ಣವನ್ನೂ ಕಣ್ಣಿನ ಬಣ್ಣವನ್ನೂ ಮಾರಾಟಕ್ಕಿಟ್ಟಿತು. ಮಕ್ಕಳ ರಕ್ತದಿಂದ ಮೆರೆಯುವ ಊರಿನ ಅಲಂಕಾರವನ್ನು ಹಣ ಕೊಟ್ಟು ಹಚ್ಚಿಕೊಳ್ಳಿರೆಂದು ಕರೆದಾಗ, ಆ ಕರೆಯಲ್ಲಿದ್ದ ವ್ಯಂಗ್ಯವು ಮಾರುವವರಿಗೆ ಅಡ್ಡಿಯಾಗಲಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು, ಅದು ಬಲವಾದುದು. ಈ ಕಾದಂಬರಿಗಳು ನಿಷ್ಪ್ರಯೋಜಕವಾಗಿದ್ದರೆ ಥಾಯ್ಲೆಂಡಿನ ಸೇನಾಧಿಪತಿಗಳು ಅವಕ್ಕೆ ಏಕೆ ಅಂಜಿದರು? 2014ರ ಮೇ 22ರಂದು ಅಲ್ಲಿ ಸೇನೆಯು ಅಧಿಕಾರವನ್ನು ಕಸಿದುಕೊಂಡ ತರುವಾಯ ‘ಹಂಗರ್ ಗೇಮ್ಸ್’ನ ಮೂರು ಬೆರಳಿನ ವಂದನೆಯು ಪ್ರತಿಭಟನೆಯ ಸಂಕೇತವಾಯಿತು. ಅದೇ ನವೆಂಬರಿನಲ್ಲಿ ಖೋನ್ ಕೇನ್ ನಗರದಲ್ಲಿ, ದಂಗೆಯ ನಾಯಕನೂ ಆಗಿನ ಪ್ರಧಾನಿಯೂ ಆಗಿದ್ದ ಪ್ರಯುತ್ ಚಾನ್-ಓಚಾನ ಎದುರಿಗೇ ಐದು ಮಂದಿ ವಿದ್ಯಾರ್ಥಿಗಳು ಮೂರು ಬೆರಳೆತ್ತಿ ಬಂಧಿತರಾದರು. 2021ರ ಫೆಬ್ರವರಿ 1ರಂದು ಮ್ಯಾನ್ಮಾರಿನಲ್ಲಿಯೂ ಸೇನೆಯ ಆಕ್ರಮಣವಾಯಿತು. ಆ ತಿಂಗಳ 26ರಂದು ಆ ದೇಶದ ರಾಯಭಾರಿ ಚಾವ್ ಮೋ ಟುನ್ ವಿಶ್ವಸಂಸ್ಥೆಯ ಮಹಾಸಭೆಯಲ್ಲಿಯೇ ಅದೇ ಬೆರಳುಗಳನ್ನೆತ್ತಿದನು. ಇಷ್ಟು ಮಾಡಿದ ಕಥೆಯನ್ನು ಹಳಿಯುವುದು ಸಲ್ಲುತ್ತದೆಯೆ?

ಸಲ್ಲುತ್ತದೆ, ಮೇಲಿನ ವಾದಕ್ಕೆ ಇದಕ್ಕಿಂತ ಉತ್ತಮವಾದ ಸಾಕ್ಷ್ಯವಿಲ್ಲ. ಖೋನ್ ಕೇನಿನ ವಿದ್ಯಾರ್ಥಿಗಳು ಬೆರಳೆತ್ತಿದುದು ಯಾವುದೋ ಕಾಲ್ಪನಿಕ ಅಧ್ಯಕ್ಷನ ಎದುರಿಗಲ್ಲ. ಹೆಸರುಳ್ಳ, ಮುಖವುಳ್ಳ, ಎದುರಿಗೆ ನಿಂತಿದ್ದ ಒಬ್ಬ ಅಧಿಕಾರಿಯ ಎದುರಿಗೆ. ಕಾದಂಬರಿಯು ಅವರಿಗೆ ಒಂದು ಮುದ್ರೆಯನ್ನು ಕೊಟ್ಟಿತು. ಅದಕ್ಕೆ ಅರ್ಥವನ್ನು ಕೊಟ್ಟವರು ಅವರು, ಸೆರೆಮನೆಯ ಭಯವನ್ನು ಬೆಲೆಯಾಗಿ ತೆತ್ತು. ಅದೇ ಮುದ್ರೆಯನ್ನು ಅಮೆರಿಕದ ಚಿತ್ರಮಂದಿರದ ಮುಂದೆ ಸರತಿಯಲ್ಲಿ ನಿಂತು ಎತ್ತಿದ ತರುಣನಿಗೆ ಯಾವ ಬೆಲೆಯನ್ನೂ ತೆರಬೇಕಾಗಿರಲಿಲ್ಲ.

ಇನ್ನೊಂದು ಪೂರ್ವಪಕ್ಷವು ಕಾವ್ಯಶಾಸ್ತ್ರದ್ದು. ಕಾದಂಬರಿಯು ಚರಿತ್ರೆಯಲ್ಲ, ಹೆಸರು ಹಿಡಿದು ಕೂಗಿದರೆ ಅದು ಕರಪತ್ರವಾಗುತ್ತದೆ, ಅನ್ಯೋಕ್ತಿಗೂ ಸ್ಥಾನವುಂಟಷ್ಟೆ, ಎಂದು. ಅನ್ಯೋಕ್ತಿಗೆ ಸ್ಥಾನವುಂಟು. ಆದರೆ ಅನ್ಯೋಕ್ತಿಯ ಬಾಣವು ಯಾರಿಗೆ ನಾಟಬೇಕೋ ಅವರಿಗೆ ನಾಟಬೇಕು. ಇಂಗ್ಲೆಂಡಿನ ಮ್ಯಾಲೊರಿ ಬ್ಲ್ಯಾಕ್‌ಮನ್ನಳು ತರುಣರಿಗಾಗಿಯೇ ಬರೆದ ‘ನಾಟ್ಸ್ ಅಂಡ್ ಕ್ರಾಸಸ್’ (2001) ಕಲ್ಪಿತ ಲೋಕದ್ದೇ. ಅಲ್ಲಿ ಅವಳು ಲೋಕವನ್ನು ತಿರುವುಮುರುವು ಮಾಡಿ ಕರಿಯರನ್ನು ಆಳುವವರನ್ನಾಗಿಯೂ ಬಿಳಿಯರನ್ನು ಆಳಲ್ಪಡುವವರನ್ನಾಗಿಯೂ ಇಟ್ಟಳು. ಬಿಳಿಯ ಹುಡುಗಿಯ ಹಣೆಯ ಗಾಯಕ್ಕೆ ಅಂಟಿಸಿದ ಪಟ್ಟಿ ಕಂದುಬಣ್ಣದ್ದು. ಅವಳ ಬಣ್ಣದ ಪಟ್ಟಿಯನ್ನು ಯಾರೂ ತಯಾರಿಸುವುದಿಲ್ಲ. ಇಷ್ಟು ಚಿಕ್ಕ ವಿವರವನ್ನು ಓದಿದೊಡನೆ ಬಿಳಿಯ ವಾಚಕನು ತನ್ನ ಔಷಧದ ಪೆಟ್ಟಿಗೆಯನ್ನು ಹೊಸದಾಗಿ ನೋಡಬೇಕಾಗುತ್ತದೆ. ಕೆನಡದ ಮೇಟಿ ಜನಾಂಗಕ್ಕೆ ಸೇರಿದ ಶೆರೀ ಡಿಮಲೀನಳ ‘ದಿ ಮ್ಯಾರೋ ಥೀವ್ಸ್’ (2017) ಕೂಡ ಬರಲಿರುವ ಕಾಲದ ಕಥೆಯೇ: ಕನಸು ಕಾಣುವ ಶಕ್ತಿಯನ್ನು ಕಳೆದುಕೊಂಡ ಜನರು, ಅದಿನ್ನೂ ಉಳಿದಿರುವ ಮೂಲನಿವಾಸಿಗಳನ್ನು ಎಲುಬಿನ ಮಜ್ಜೆಗಾಗಿ ಬೇಟೆಯಾಡುತ್ತಾರೆ. ಆದರೆ ಹಿಡಿದವರನ್ನು ಕೂಡಿಹಾಕುವ ಕಟ್ಟಡಗಳನ್ನು ಅವಳು ‘ಶಾಲೆ’ಗಳೆಂದೇ ಕರೆದಳು. ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ತಾಯ್ತಂದೆಗಳಿಂದಲೂ ತಾಯ್ನುಡಿಯಿಂದಲೂ ಅಗಲಿಸಿ ಇರಿಸಿದ್ದ ವಸತಿಶಾಲೆಗಳಿಗಾಗಿ ಕೆನಡದ ಸರ್ಕಾರವು 2008ರ ಜೂನ್ 11ರಂದು ಪಾರ್ಲಿಮೆಂಟಿನಲ್ಲಿ ಕ್ಷಮೆ ಬೇಡಿತ್ತು. ಆ ಹೆಸರನ್ನು ಓದಿದ ಕೆನಡದವನಿಗೆ ಕಳ್ಳನಾರೆಂದು ಬೇರೆ ಹೇಳಬೇಕಾಗಿಲ್ಲ. ಈ ಎರಡು ಗ್ರಂಥಗಳೂ ಕರಪತ್ರಗಳಲ್ಲ. ಕಥೆಯಾಗಿ ಅವು ಯಾವುದಕ್ಕೂ ಕಡಿಮೆಯಿಲ್ಲ.

ಆದುದರಿಂದ ಮಾಡತಕ್ಕದ್ದು ನಿಷೇಧವಲ್ಲ. ಪುಸ್ತಕವನ್ನು ಕಪಾಟಿನಿಂದ ಕಿತ್ತುಹಾಕುವವನು ಕಥೆಯೊಳಗಿನ ದುಷ್ಟ ಅಧಿಕಾರಿಯ ತಮ್ಮ. ಹುಡುಗನೊಬ್ಬನು ‘ಡೈವರ್ಜೆಂಟ್’ ಓದಿ ಮುಗಿಸಿದರೆ ಗ್ರಂಥಪಾಲಕನು ಅವನ ಕೈಗೆ ಹ್ಯಾನ್ಸ್‌ಬೆರಿಯ ನಾಟಕವನ್ನು ಕೊಡಲಿ. ‘ಹಂಗರ್ ಗೇಮ್ಸ್’ ಮುಗಿಸಿದವಳಿಗೆ ಹ್ಯಾರಿಯೆಟ್ ಜೇಕಬ್ಸಳ ಗ್ರಂಥವನ್ನು ಕೊಡಲಿ. ಕುರಾಜ್ಯವನ್ನು ಕಲ್ಪಿಸುವ ಲೇಖಕರಿಗೆ ಹೇಳಬೇಕಾದುದೂ ಇಷ್ಟೆ: ಎಷ್ಟು ದೂರದ ಕಾಲಕ್ಕೆ ಬೇಕಾದರೂ ಹೋಗಲಿ, ಯಾವ ಶಾಸನವನ್ನು ಬೇಕಾದರೂ ಕಟ್ಟಲಿ, ಆದರೆ ತುಳಿದ ಕಾಲಿನ ಗುರುತನ್ನು ಅಳಿಸದಿರಲಿ. ತುಳಿಯಲ್ಪಟ್ಟವನ ವೇಷವನ್ನು ಹಾಕಿ ಕುಣಿಯುವುದು ಯಾರಿಗೂ ಕಷ್ಟವಲ್ಲ. ತನ್ನ ಕಾಲ ಕೆಳಗೆ ಏನಿದೆಯೆಂದು ಬಗ್ಗಿ ನೋಡುವುದು ಕಷ್ಟ. ಆ ಕಷ್ಟವನ್ನು ವಾಚಕನಿಗೆ ಕೊಡದ ಗ್ರಂಥವು ಅವನಿಗೆ ಏನನ್ನೂ ಕೊಟ್ಟಂತಾಗುವುದಿಲ್ಲ.