ಕುಣಿಗಲ್ಲಿನ ಕುದುರೆಯೂ ಸ್ಪ್ಯಾನಿಷಿನ ಲಿಂಗವೂ
ತುಮಕೂರಿನಲ್ಲಿ ನಮ್ಮ ನೆರೆಮನೆಯ ಕಾಲೇಜು ಹುಡುಗಿ ಈ ವಾರ ಸ್ಪ್ಯಾನಿಷ್ ಪಾಠವನ್ನು ಬಾಯಿಪಾಠ ಮಾಡುತ್ತಿದ್ದಳು: ಮೇಜು ಸ್ತ್ರೀಲಿಂಗವಾದುದರಿಂದ ‘ಲಾ ಮೆಸಾ’, ಪುಸ್ತಕ ಪುಲ್ಲಿಂಗವಾದುದರಿಂದ ‘ಎಲ್ ಲಿಬ್ರೊ’. ಮೇಜಿಗೇಕೆ ಸ್ತ್ರೀತ್ವವೆಂಬ ಆಕೆಯ ಪ್ರಶ್ನೆ ಕನ್ನಡದ ಮನಸ್ಸಿಗೆ ಸಹಜವಾದುದೇ. ನಮ್ಮ ಲಿಂಗವಿವೇಕವು ಬಹುಮಟ್ಟಿಗೆ ಅರ್ಥವನ್ನು ಅನುಸರಿಸತಕ್ಕದ್ದು. ಟೀಪುವಿನ ಕಾಲದಿಂದಲೂ ಅಶ್ವಪಾಲನೆಗೆ ಹೆಸರಾದ ಕುಣಿಗಲ್ಲಿನಲ್ಲಿ ಗಂಡುಕುದುರೆಯಾಗಲಿ ಹೆಣ್ಣುಕುದುರೆಯಾಗಲಿ ‘ಓಡಿತು’ ಎಂದೇ ನಾವು ಹೇಳುವೆವು, ‘ಬಿಳಿಯ’ ಎಂಬ ವಿಶೇಷಣವೂ ಎರಡಕ್ಕೂ ಒಂದೇ. ಸ್ಪೇನಿನವನಾದರೋ ‘ಎಲ್ ಕಬಾಯೊ ಬ್ಲಾಂಕೊ’, ‘ಲಾ ಯೆಗ್ವಾ ಬ್ಲಾಂಕಾ’ ಎಂದು ಎಲ್, ಲಾ ಎಂಬ ಆರ್ಟಿಕಲ್, ನಾಮ, ವಿಶೇಷಣ ಮೂರನ್ನೂ ಹೊಂದಿಸಲೇಬೇಕು. ಆದರೆ ನಿರ್ಜೀವವಸ್ತುಗಳಲ್ಲಿ ಅಲ್ಲಿಯ ಲಿಂಗವು ವಸ್ತುವಿನದಲ್ಲ, ಶಬ್ದದ್ದು. ಕೈಯೆಂಬರ್ಥದ ‘ಮಾನೊ’ ಓಕಾರಾಂತವಾಗಿಯೂ ಸ್ತ್ರೀಲಿಂಗ, ವ್ಯಕ್ತಿಯೆಂಬರ್ಥದ ‘ಲಾ ಪೆರ್ಸೋನಾ’ ಕೂಡ ಪುರುಷನನ್ನೇ ಕುರಿತಾಗಲೂ ಸ್ತ್ರೀಲಿಂಗ. ಪತ್ನಿಯೆಂಬ ಒಂದೇ ಅರ್ಥಕ್ಕೆ ಪುಲ್ಲಿಂಗದ ದಾರ, ಸ್ತ್ರೀಲಿಂಗದ ಭಾರ್ಯಾ, ನಪುಂಸಕದ ಕಲತ್ರಗಳನ್ನುಳ್ಳ ಸಂಸ್ಕೃತವನ್ನು ಓದಿದ ನಮ್ಮ ಹಿರಿಯರಿಗೆ ಇದು ವಿಸ್ಮಯವೆನಿಸುತ್ತಿರಲಿಲ್ಲ. ಆದುದರಿಂದ ಕಾರಣವನ್ನರಸದೆ, ಆರ್ಟಿಕಲ್ಲನ್ನು ನಾಮಪದದಿಂದ ಬೇರ್ಪಡಿಸದೆ, ಎರಡನ್ನೂ ಒಂದೇ ಶಬ್ದವೆಂಬಂತೆ ಕಂಠಸ್ಥ ಮಾಡುವುದೇ ಲೇಸೆಂದು ಆಕೆಗೆ ಹೇಳಿದೆನು. ಇನ್ನು ಆರ್ಟಿಕಲ್ ಸೂಚಿಸುವ ನಿಶ್ಚಿತಾರ್ಥವಂತೂ ನಮಗೆ ಹೊಸದಲ್ಲ: ‘ಪುಸ್ತಕ ತಂದಳು’ ಎಂದರೆ ಯಾವುದೋ ಒಂದು, ‘ಪುಸ್ತಕವನ್ನು ತಂದಳು’ ಎಂದರೆ ಸಾಮಾನ್ಯವಾಗಿ ಕೇಳುವವನಿಗೂ ಗೊತ್ತಿರುವ ಆ ಪುಸ್ತಕ. ಸ್ಪೇನಿನವರು ಪದದ ಮುನ್ನ ಇಡುವ ಸೂಚನೆಯನ್ನು ನಾವು ಪದದ ಕೊನೆಗೆ, ದ್ವಿತೀಯಾ ವಿಭಕ್ತಿಯಲ್ಲಿ ಇರಿಸಿದ್ದೇವೆ.