ಸಾಗರದ ಶಾಸಕರ ಕೈಗೆ ಎಟುಕದ ನೆಲ

ಶಿವಮೊಗ್ಗ ಜಿಲ್ಲೆಯ ಸಾಗರ ವಿಧಾನಸಭಾ ಕ್ಷೇತ್ರದ ಚರಿತ್ರೆಯನ್ನು ಪಕ್ಷಗಳ ಲೆಕ್ಕದಲ್ಲಿ ಬರೆಯಬಹುದು. ಸಮಾಜವಾದಿಗಳು ಗೆದ್ದರು, ಕಾಂಗ್ರೆಸ್ ಗೆದ್ದಿತು, ಬಿಜೆಪಿ ಬಂತು, ಮತ್ತೆ ಕಾಂಗ್ರೆಸ್. ಜಾತಿಯ ಲೆಕ್ಕದಲ್ಲೂ ಬರೆಯಬಹುದು. ದೀವರು ಯಾರ ಕಡೆ, ಹವ್ಯಕರು, ಲಿಂಗಾಯತರು ಯಾರ ಕಡೆ ಎಂದು ಕೂಡಿ ಕಳೆದರೆ ಸಾಕು. ಚುನಾವಣೆ ಬಂದಾಗ ನಮ್ಮ ಓದಿಗೆ ಸಿಗುವುದು ಈ ಎರಡು ಲೆಕ್ಕಗಳೇ. ಆದರೆ 1952ರಿಂದ ಇಂದಿನವರೆಗೆ ಇಲ್ಲಿನ ಮತದಾರ ತನ್ನ ಪ್ರತಿನಿಧಿಯನ್ನು ಬಿಡದೆ ಕೇಳುತ್ತ ಬಂದಿರುವ ಪ್ರಶ್ನೆ ಬೇರೆ: ನಾನು ಉಳುವ ನೆಲ ಯಾರದು? ಮೊದಲ ಕಾಲು ಶತಮಾನ ಇದಕ್ಕೆ ಉತ್ತರ ಕೊಡುವ ಅಧಿಕಾರ ವಿಧಾನಸಭೆಯ ಬಳಿ ಇತ್ತು. ಆಮೇಲೆ ಅದರ ಬಹುಪಾಲು ದೆಹಲಿಗೆ ಹೋಯಿತು. ಈ ಕ್ಷೇತ್ರದ ರಾಜಕಾರಣ ಅರ್ಥವಾಗಬೇಕಾದರೆ ಈ ಕೈಬದಲಾವಣೆಯನ್ನು ಮೊದಲು ನೋಡಬೇಕು.

1951ರ ಏಪ್ರಿಲ್‌ನಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ತಕರಾರಿನ ಮೂಲದಲ್ಲಿದ್ದದ್ದು ಭತ್ತ ಅಳೆಯುವ ಕೊಳಗ. ಗೇಣಿ ವಸೂಲಿಗೆ ಒಡೆಯರು ಬಳಸುತ್ತಿದ್ದ ಕೊಳಗ ವಾಡಿಕೆಯದಕ್ಕಿಂತ ದೊಡ್ಡದು. ಕೊಟ್ಟ ಗೇಣಿಗೆ ರಸೀದಿಯೂ ಇಲ್ಲ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘಟನೆಯ ಬೆನ್ನಿಗೆ ಸಮಾಜವಾದಿ ಪಕ್ಷ ನಿಂತಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೆಲವೇ ತಿಂಗಳಲ್ಲಿ ನಡೆದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ಇನ್ನೂ ಮೂವತ್ತು ತುಂಬದ ಶಾಂತವೇರಿ ಗೋಪಾಲಗೌಡರನ್ನು ಸಾಗರ-ಹೊಸನಗರ ಕ್ಷೇತ್ರ ವಿಧಾನಸಭೆಗೆ ಕಳಿಸಿತು. ಹಣವಿಲ್ಲದ ಅಭ್ಯರ್ಥಿ ಗೆದ್ದದ್ದು ಸೋಜಿಗವೆಂದು ಈಗಲೂ ಹೇಳುವವರಿದ್ದಾರೆ. ಹೋರಾಟದ ಲೆಕ್ಕ ಹಾಕಿದರೆ ಅದರಲ್ಲಿ ಸೋಜಿಗವಿಲ್ಲ. ಗೇಣಿದಾರನಿಗೆ ಬೇಕಾದದ್ದು ಒಂದು ಕಾಯ್ದೆ. ಕಾಯ್ದೆ ಆಗುವುದು ವಿಧಾನಸಭೆಯಲ್ಲಿ. ಆದ್ದರಿಂದ ತನ್ನ ಜೊತೆ ಜೈಲಿಗೆ ಹೋದ ಪಕ್ಷದವನನ್ನೇ ಅಲ್ಲಿಗೆ ಕಳಿಸಿದ.

ಗೋಪಾಲಗೌಡರು 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. 1972ರ ಜೂನ್‌ನಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ಚುನಾವಣೆಯಲ್ಲಿ ಸಾಗರದಿಂದ ಸಮಾಜವಾದಿಯಾಗಿ ಆರಿಸಿ ಬಂದವರು ಕಾಗೋಡು ಊರಿನವರೇ ಆದ ಕಾಗೋಡು ತಿಮ್ಮಪ್ಪ. ಸತ್ಯಾಗ್ರಹದ ಊರು ತನ್ನ ಮಗನನ್ನೇ ಸದನಕ್ಕೆ ಕಳಿಸಿದ ಹೊತ್ತಿನಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಬಂತು. 1961ರ ಕಾಯ್ದೆಯಲ್ಲಿ ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯರು ಜಮೀನು ಬಿಡಿಸಿಕೊಳ್ಳಲು ದಾರಿಯಿತ್ತು. ಹೊಸ ತಿದ್ದುಪಡಿ ಗೇಣಿ ಜಮೀನನ್ನೆಲ್ಲ 1974ರ ಮಾರ್ಚ್ 1ರಿಂದ ಸರ್ಕಾರದ ವಶಕ್ಕೆ ತಂದು, ಉಳುವವನಿಗೇ ಹಕ್ಕು ಕೊಡಲು ಭೂನ್ಯಾಯ ಮಂಡಳಿಗಳನ್ನು ರಚಿಸಿತು. ನಮೂನೆ 7ರಲ್ಲಿ ಅರ್ಜಿ ಹಾಕಿದ ಗೇಣಿದಾರ ಗದ್ದೆಯ ಮಾಲೀಕನಾದ. ಭೂಮಿ ಸಂವಿಧಾನದ ರಾಜ್ಯಪಟ್ಟಿಯಲ್ಲಿದ್ದುದರಿಂದಲೇ ಇದು ಸಾಧ್ಯವಾಯಿತು. ಬೆಂಗಳೂರಿನಲ್ಲಿ ಬಹುಮತವಿದ್ದರೆ ಸಾಗರದ ಗದ್ದೆಯ ಒಡೆತನ ಬದಲಾಗುತ್ತಿತ್ತು.

ಎರಡೇ ವರ್ಷದಲ್ಲಿ ಇನ್ನೊಂದು ತಿದ್ದುಪಡಿ ಬಂತು. ಮಲೆನಾಡಿನ ರಾಜಕಾರಣವನ್ನು ಅದು ಹೇಗೆ ಬದಲಿಸಿತೆಂದು ನಾವು ಇನ್ನೂ ಸರಿಯಾಗಿ ಲೆಕ್ಕ ಹಾಕಿಲ್ಲ. 1976ರ 42ನೇ ಸಂವಿಧಾನ ತಿದ್ದುಪಡಿ ಅರಣ್ಯವನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಒಯ್ದಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಕೇಂದ್ರದ ಪೂರ್ವಾನುಮತಿ ಇಲ್ಲದೆ ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಕೊಡುವಂತಿಲ್ಲ. ಕಾಡಿನ ದೃಷ್ಟಿಯಿಂದ ಈ ಕಟ್ಟು ಬೇಕಿತ್ತು. ಅದಿಲ್ಲದಿದ್ದರೆ ಪಶ್ಚಿಮಘಟ್ಟ ಇಷ್ಟಾದರೂ ಉಳಿಯುತ್ತಿರಲಿಲ್ಲ. ಆದರೆ ಸಾಗರ ಸೀಮೆಯಲ್ಲಿ ಅದು ಎದುರಾದದ್ದು ಮರ ಕಡಿಯುವವರಿಗಷ್ಟೇ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಗದ್ದೆ ತೋಟಗಳು ಮುಳುಗಿ, ರಾಜ್ಯಕ್ಕೆ ವಿದ್ಯುತ್ ಬಂತು. ಮನೆಮಠ ಬಿಟ್ಟವರಲ್ಲಿ ಬಹಳ ಮಂದಿ ಸರ್ಕಾರ ತೋರಿಸಿದ ಕಾಡಿನಂಚಿನಲ್ಲೇ ನೆಲೆ ಕಂಡುಕೊಂಡರು. ದಾಖಲೆಯಲ್ಲಿ ಆ ನೆಲ ಅರಣ್ಯವಾಗಿಯೇ ಉಳಿಯಿತು. ಗೇಣಿ ಪದ್ಧತಿ ಹೋದಮೇಲೂ ಪ್ರಶ್ನೆ ಹೋಗಲಿಲ್ಲ. ಒಡೆಯನ ಜಾಗದಲ್ಲಿ ಈಗ ಅರಣ್ಯ ಇಲಾಖೆ ಇತ್ತು.

ಈ ಬದಲಾವಣೆ ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ಕಾಗೋಡು ತಿಮ್ಮಪ್ಪನವರ ರಾಜಕೀಯ ಬದುಕಿನಲ್ಲೇ. ಕಾಂಗ್ರೆಸ್ ಸೇರಿ 1989ರಿಂದ ಸತತ ಮೂರು ಬಾರಿ ಗೆದ್ದ ಅವರು 2013ರಲ್ಲಿ ಮತ್ತೆ ಆಯ್ಕೆಯಾಗಿ ವಿಧಾನಸಭಾಧ್ಯಕ್ಷರಾದರು, 2016ರಲ್ಲಿ ಕಂದಾಯ ಸಚಿವರಾದರು. ಭೂಮಿಯ ಹಕ್ಕಿಗಾಗಿ ಬಾಳೆಲ್ಲ ಮಾತಾಡಿದವರ ಕೈಗೆ ಕಂದಾಯ ಖಾತೆಯೇ ಬಂದಿತ್ತು. ಅವರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ 38ಎ ಕಲಂ ಸೇರಿ, ದಾಖಲೆಯಿಲ್ಲದ ಹಟ್ಟಿ, ತಾಂಡಾಗಳಲ್ಲಿ ವಾಸಿಸುವವರಿಗೆ ಮನೆಯಡಿ ಜಾಗದ ಹಕ್ಕು ಸಿಗುವ ದಾರಿ ತೆರೆಯಿತು. ಇದು ರಾಜ್ಯದ ಅಧಿಕಾರದೊಳಗಿನ ಕೆಲಸವಾದ್ದರಿಂದ ಆಯಿತು. ಶರಾವತಿ ಸಂತ್ರಸ್ತರ ಜಮೀನನ್ನು ಅರಣ್ಯದಿಂದ ಕೈಬಿಟ್ಟು ಅದೇ ಸರ್ಕಾರ 2017ರಲ್ಲಿ ಹೊರಡಿಸಿದ ಅಧಿಸೂಚನೆ ಮಾತ್ರ ಉಳಿಯಲಿಲ್ಲ. ಕೇಂದ್ರದ ಪೂರ್ವಾನುಮತಿ ಪಡೆದಿಲ್ಲವೆಂಬ ಕಾರಣಕ್ಕೆ 2021ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಅದಕ್ಕೂ ಮೊದಲೇ, 2018ರಲ್ಲಿ, ತಿಮ್ಮಪ್ಪ ಸೋತಿದ್ದರು.

ಕೊಡಲಾಗದ್ದನ್ನು ಕೊಡುತ್ತೇನೆಂದು ಎಲ್ಲ ಪಕ್ಷದವರೂ ಹೇಳತೊಡಗಿದಾಗ ಪಕ್ಷಗಳ ನಡುವಿನ ಗೆರೆ ಅಳಿಸಿಹೋಗುತ್ತದೆ. 2004ರಲ್ಲಿ ಎಸ್. ಬಂಗಾರಪ್ಪ ಬಿಜೆಪಿ ಸೇರಿದಾಗ ಅವರ ಜೊತೆ ಹೋದವರಲ್ಲಿ ಗೋಪಾಲಕೃಷ್ಣ ಬೇಳೂರು, ಹರತಾಳು ಹಾಲಪ್ಪ ಇದ್ದರು. ಬಂಗಾರಪ್ಪ ಮರುವರ್ಷವೇ ಬಿಜೆಪಿ ಬಿಟ್ಟರೂ ಇವರು ಉಳಿದರು. ಕಾಗೋಡು ಅವರ ಸೋದರಳಿಯ ಬೇಳೂರು 2004 ಮತ್ತು 2008ರಲ್ಲಿ ಸಾಗರದಿಂದ ಬಿಜೆಪಿಯ ಶಾಸಕರಾದರು. 2018ರಲ್ಲಿ ಬಿಜೆಪಿ ಟಿಕೆಟ್ ಹಾಲಪ್ಪನವರಿಗೆ ಹೋಯಿತು, ಅವರೇ ಗೆದ್ದರು. ಬೇಳೂರು ಕಾಂಗ್ರೆಸ್‌ಗೆ ಬಂದು 2023ರಲ್ಲಿ ಅವರನ್ನು ಸೋಲಿಸಿದರು. ಜಾತಿ, ಹಿಂದುತ್ವ, ಬಂಗಾರಪ್ಪನವರ ವರ್ಚಸ್ಸು ಎಲ್ಲವೂ ಇದರಲ್ಲಿ ಕೆಲಸ ಮಾಡಿವೆ, ನಿಜ. ಆದರೆ ಪಕ್ಷ ಬದಲಿಸಿದವರಿಗೆ ಮತದಾರ ದಂಡ ಹಾಕದೆ ಇರುವುದು, ಬಾವುಟ ಯಾವುದಾದರೂ ಹಕ್ಕುಪತ್ರದ ಕಡತ ಇದ್ದಲ್ಲೇ ಇರುತ್ತದೆಂದು ಅವನಿಗೆ ಗೊತ್ತಿರುವುದರಿಂದ.

ಮುಳುಗಡೆ ಈ ಸೀಮೆಯಿಂದ ಕ್ಷೇತ್ರವೊಂದನ್ನೂ ಕಿತ್ತುಕೊಂಡಿತು. ಲಿಂಗನಮಕ್ಕಿಯ ಹಿನ್ನೀರಿನ ಜೊತೆಗೆ ಮಾಣಿ, ಚಕ್ರಾ, ಸಾವೇಹಕ್ಲು ಜಲಾಶಯಗಳನ್ನೂ ಹೊತ್ತ ತಾಲ್ಲೂಕು ಹೊಸನಗರ. ಊರುಗಳು ಮುಳುಗಿದ ಕಡೆ ಜನ ಕಡಿಮೆ. 2001ರ ಜನಗಣತಿಯ ಆಧಾರದ ಮೇಲೆ ನಡೆದ ಪುನರ್ವಿಂಗಡಣೆಯಲ್ಲಿ 2008ರಿಂದ ಹೊಸನಗರ ಕ್ಷೇತ್ರವೇ ಇಲ್ಲವಾಯಿತು. ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳಿಗೆ ಹಂಚಿಹೋಯಿತು. 2026ರ ನಂತರದ ಜನಗಣತಿಯೊಂದಿಗೆ ಮತ್ತೊಂದು ಪುನರ್ವಿಂಗಡಣೆ ಹತ್ತಿರವಾಗುತ್ತಿದೆ. ಅದು ಬರೀ ತಲೆ ಎಣಿಸಿದರೆ ಮಲೆನಾಡು ಇನ್ನಷ್ಟು ದನಿ ಕಳೆದುಕೊಳ್ಳುತ್ತದೆ. ದಕ್ಷಿಣದ ರಾಜ್ಯಗಳ ಪರವಾಗಿ ಕರ್ನಾಟಕ ದೆಹಲಿಯ ಮುಂದಿಡುತ್ತಿರುವ ವಾದ ರಾಜ್ಯದೊಳಗಿನ ಮಲೆನಾಡಿಗೂ ಸಲ್ಲಬೇಕು.

ಹಿನ್ನೀರಿನಿಂದ ತುಂಡಾಗಿದ್ದ ತುಮರಿ ಭಾಗದವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಅಂಬಾರಗೋಡ್ಲು-ಕಳಸವಳ್ಳಿ ನಡುವಿನ, ಸುಮಾರು 2.4 ಕಿ.ಮೀ. ಉದ್ದದ ಈ ಸೇತುವೆ ಕೇಂದ್ರ ಹೆದ್ದಾರಿ ಸಚಿವಾಲಯದ ಕಾಮಗಾರಿ. ಉದ್ಘಾಟನೆಯ ದಿನ ಕೇಂದ್ರ-ರಾಜ್ಯಗಳ ನಡುವೆ ಶಿಷ್ಟಾಚಾರದ ಜಗಳ ಜೋರಾಗಿತ್ತು. ಅರವತ್ತು ವರ್ಷ ಲಾಂಚಿಗೆ ಕಾದವರ ಜಮೀನಿನ ಮಾತು ಅದರಲ್ಲಿ ಬರಲಿಲ್ಲ. ಇದೇ ಶರಾವತಿಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಅರಣ್ಯ ಭೂಮಿ ಕೇಳುವ ಕಡತವನ್ನು ರಾಜ್ಯ ಸರ್ಕಾರ ದೆಹಲಿಯವರೆಗೆ ಒಯ್ದಿದೆ. ಹಳೆಯ ಯೋಜನೆಯಿಂದ ನೆಲೆ ಕಳೆದುಕೊಂಡವರ ಕಡತಕ್ಕೂ ಅದೇ ಉತ್ಸಾಹ ಬೇಡವೇ?

ಹಾಗಾಗಿ ಸಾಗರದ ಶಾಸಕರನ್ನು ಕೇಳಬೇಕಾದದ್ದು ರಸ್ತೆ, ಸಮುದಾಯ ಭವನಗಳ ಪಟ್ಟಿಯನ್ನಲ್ಲ, ಹಕ್ಕುಪತ್ರದ ಭರವಸೆಯನ್ನೂ ಅಲ್ಲ. ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸಮೀಕ್ಷೆ ಯಾವ ಊರಿನಲ್ಲಿ ಮುಗಿದಿದೆ, ಕೇಂದ್ರದ ಅನುಮತಿಗೆ ಪ್ರಸ್ತಾವ ಯಾವ ದಿನಾಂಕದಂದು ಹೋಗಿದೆ, ಅದರ ಬೆನ್ನು ಹತ್ತಿ ಸಂಸದರು ಲೋಕಸಭೆಯಲ್ಲಿ ಏನು ಕೇಳಿದ್ದಾರೆ ಎಂಬುದನ್ನು ಊರೂರಿನ ಲೆಕ್ಕದಲ್ಲಿ ಕೇಳಬೇಕು. ಅನುಮತಿಯಿಲ್ಲದ ಇನ್ನೊಂದು ಅಧಿಸೂಚನೆ ಹೊರಟರೆ ಅದೂ ನ್ಯಾಯಾಲಯದಲ್ಲಿ ಬೀಳುತ್ತದೆ. 1952ರ ಮತದಾರನಿಗೆ ತನ್ನ ಪ್ರಶ್ನೆಗೆ ಉತ್ತರ ಎಲ್ಲಿ ಸಿಗುತ್ತದೆಂದು ಗೊತ್ತಿತ್ತು, ಆದ್ದರಿಂದ ಸರಿಯಾದವನನ್ನು ಸರಿಯಾದ ಕಡೆಗೆ ಕಳಿಸಿದ. ಇಂದಿನವನು ಶಾಸಕ, ಸಂಸದ ಇಬ್ಬರನ್ನೂ ಒಂದೇ ಪ್ರಶ್ನೆಗೆ ಹೊಣೆ ಮಾಡುವವರೆಗೆ, ಇಬ್ಬರೂ ಒಬ್ಬರ ಕಡೆಗೊಬ್ಬರು ಬೆರಳು ತೋರಿಸುತ್ತಲೇ ಇರುತ್ತಾರೆ.