ಅಲ್ಲಿಯ ಮಳೆ, ಇಲ್ಲಿಯ ಮಳೆ



ನಾವು ದುಡಿಯುವ ಎಮಿರೇಟ್ಸ್ ನಾಡಿನಲ್ಲಿ ವರ್ಷದ ಮಳೆ ಸರಾಸರಿ 100 ಮಿ.ಮೀ. ಒಳಗೇ. ನಮ್ಮಲ್ಲಿ ಬಹುಮಂದಿಯ ತವರಾದ ಕರಾವಳಿಯಲ್ಲಿ ಸುಮಾರು 4000 ಮಿ.ಮೀ. ಹವಾಮಾನ ಬದಲಾದರೆ ಯಾವ ನಾಡಿನ ರಸ್ತೆ, ನೀರು, ವಿದ್ಯುತ್ತು ಮೊದಲು ಕೈಕೊಟ್ಟೀತು ಎಂಬ ಚರ್ಚೆ ನಮ್ಮ ನಡುವೆ ಆಗಾಗ ಏಳುತ್ತದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ಆವಿ ಹಿಡಿಯಬಲ್ಲದು. ಹಾಗಾಗಿ ಒಮ್ಮೆಲೇ ಸುರಿಯುವ ಮಳೆಯ ಭಯ ಎರಡೂ ಕಡೆ ಇದೆ. ವ್ಯತ್ಯಾಸವಿರುವುದು, ಎಂಥ ಮಳೆಯನ್ನು ನಂಬಿ ಕಟ್ಟಿದ್ದಾರೆ ಎಂಬುದರಲ್ಲಿ.

ಮೊದಲು ಇಲ್ಲಿಯದು. 2024ರ ಏಪ್ರಿಲ್ 16ರಂದು ಅಲ್ ಐನ್ ಕಡೆಯ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನ ತುಂಬುವುದರೊಳಗೆ 254.8 ಮಿ.ಮೀ. ಸುರಿಯಿತು. 1949ರಿಂದ ಇಟ್ಟ ದಾಖಲೆಯಲ್ಲಿ ಅಂಥದ್ದಿರಲಿಲ್ಲ. ಮಳೆ ಬಾರದೆಂದೇ ಬೆಳೆದ ಬಡಾವಣೆಗಳಲ್ಲಿ ನೀರಿಗೆ ಹೋಗಲು ದಾರಿಯಿರಲಿಲ್ಲ. ದುಬೈ ನಿಲ್ದಾಣದಲ್ಲಿ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಶಾರ್ಜಾದ ಎಷ್ಟೋ ಎತ್ತರದ ಕಟ್ಟಡಗಳಲ್ಲಿ ಕರೆಂಟಿಲ್ಲದೆ ಲಿಫ್ಟೂ ಪಂಪೂ ನಿಂತವು. ಇನ್ನು ಕುಡಿಯುವ ನೀರು ಬಹುಪಾಲು ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರಗಳಿಂದ ಬರುವುದು. 2008-09ರಲ್ಲಿ ಕೊಲ್ಲಿಯಲ್ಲಿ ಕೆಂಪು ಪಾಚಿ ಹಬ್ಬಿದಾಗ ಕೆಲವು ಸ್ಥಾವರಗಳನ್ನೇ ನಿಲ್ಲಿಸಬೇಕಾಯಿತು. ಊರಿನ ದನಗಳನ್ನೆಲ್ಲ ಒಂದೇ ಗೂಟಕ್ಕೆ ಕಟ್ಟಿದ ಹಾಗೆ. ಆದರೆ ಗೂಟ ಭದ್ರಪಡಿಸಲು ಇಲ್ಲಿ ಹಣವಿದೆ. ಲಿವಾದ ಮರಳಿನಡಿ 10 ಲಕ್ಷ ಜನರಿಗೆ 90 ದಿನ ಸಾಲುವಷ್ಟು ನೀರಿನ ದಾಸ್ತಾನಿದೆ. ದುಬೈ ಅದೇ 2024ರಲ್ಲಿ 3000 ಕೋಟಿ ದಿರ್ಹಮ್‌ಗಳ ಮಳೆನೀರು ಚರಂಡಿ ಯೋಜನೆ ಸಾರಿತು. ಮುಗಿಸುವ ಗಡುವು 2033.

ಇನ್ನು ಊರಿನದು. ಅಲ್ಲಿ ಮಳೆ ಹೊಸದಲ್ಲ; ತೋಡು, ಕೆರೆ, ಬಯಲು ಗದ್ದೆಗಳು ನೀರನ್ನು ತಾಳಿಕೊಂಡೇ ಬಂದವು. ಕುತ್ತು ಬಂದಿರುವುದು ಗುಡ್ಡ ಕಡಿದಲ್ಲಿ, ತೋಡು ಮುಚ್ಚಿದಲ್ಲಿ. 2018ರ ಆಗಸ್ಟಿನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಹಳಿಗಳ ಮೇಲೆ ಮಣ್ಣು ಜರಿದು ವಾರಗಟ್ಟಲೆ ರೈಲು ನಿಂತಿತು. 2024ರ ಜುಲೈಯಲ್ಲಿ ಮತ್ತೆ ಜರಿಯಿತು. ಅದೇ ತಿಂಗಳ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ರಸ್ತೆಗಿಳಿದು ಜೀವಗಳು ಹೋದವು. ಬೆಂಗಳೂರಿನಲ್ಲೂ ಅಷ್ಟೆ: 2022ರ ಸೆಪ್ಟೆಂಬರಿನಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪುಮನೆಗೆ ನೆರೆ ನುಗ್ಗಿತು, ಬೀದಿಯಲ್ಲಿ ಮೊಣಕಾಲುದ್ದ ನೀರು, ನಲ್ಲಿಯಲ್ಲಿ ಹನಿಯಿಲ್ಲ.

ನಮಗೆ ತೋರುವುದು ಹೀಗೆ. ಇಲ್ಲಿಯ ದೌರ್ಬಲ್ಯ ಕೆಲವೇ ಕಡೆ. ತಪ್ಪಿದರೆ ಎಲ್ಲರಿಗೂ ಒಟ್ಟಿಗೆ ತಟ್ಟುತ್ತದೆ, ಆದರೆ ಸರಿಪಡಿಸುವ ಶಕ್ತಿಯಿದೆ. ಊರಿನದು ನೂರು ಕಡೆ ಹರಡಿದೆ, ರಿಪೇರಿ ನಿಧಾನ. ಹೆಚ್ಚಿನ ಅಪಾಯ ಊರಿನದೇ. ಆದರೂ ಅಲ್ಲಿ ಮನೆಯಂಗಳದ ಬಾವಿಯಿದೆ. ಕರೆಂಟು ಹೋದರೂ ಕೊಡಪಾನ ತುಂಬುತ್ತದೆ. ಇಪ್ಪತ್ತನೆಯ ಮಹಡಿಯಲ್ಲಿ ಆ ಭಾಗ್ಯವಿಲ್ಲ.

ಸರಕಾರಗಳ ಕೆಲಸ ಸರಕಾರಗಳಿಗೆ. ಊರಲ್ಲಿ ಮನೆ ಕಟ್ಟಲು ಉಳಿತಾಯ ಮಾಡುತ್ತಿರುವ ಸದಸ್ಯರಲ್ಲಿ ನಮ್ಮದೊಂದು ವಿನಂತಿ. ಜಾಗವನ್ನು ಜುಲೈ ಮಳೆಯಲ್ಲಿ ನೋಡಿರಿ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ನೆರೆಮನೆಯ ಹಿರಿಯರನ್ನು ಕೇಳಿರಿ. ತೋಡು ಮುಚ್ಚಬೇಡಿರಿ, ಗುಡ್ಡವನ್ನು ಗೋಡೆಯಂತೆ ಕಡಿಸಬೇಡಿರಿ, ಹಳೆಯ ಬಾವಿ ತುಂಬಿಸಬೇಡಿರಿ. ಇಲ್ಲಿಯ ಫ್ಲ್ಯಾಟಿನಲ್ಲಿ ಮೂರು ದಿನದ ಕುಡಿಯುವ ನೀರು, ಔಷಧಿ, ಒಂದು ಟಾರ್ಚು ಇರಲಿ. ಊರಿನಿಂದ ಬಂದ ವಯಸ್ಸಾದ ತಂದೆತಾಯಿಯರಿರುವ ಮನೆ ನಿಮ್ಮ ಕಟ್ಟಡದಲ್ಲಿ ಯಾವುದೆಂದು ಈಗಲೇ ತಿಳಿದುಕೊಳ್ಳಿರಿ. ಲಿಫ್ಟು ನಿಂತ ದಿನ ಮೊದಲು ಆ ಬಾಗಿಲು ತಟ್ಟಿರಿ.